ಮಗು, ಬಾಣಂತಿ, ಕೌದಿ: ಮಕ್ಕಳ ಡಾಕ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 11 ಗಂಟೆಯಿಂದ ದಾವಣಗೆರೆಯ ಮಕ್ಕಳ ಡಾಕ್ಟರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಮಗುವಿನ ವಯಸ್ಸು, ತೂಕ ತಪ್ಪದೇ ಬರೆಯಿರಿ. ಬಾಣಂತಿ ಅಡುಗೆ, ಹೊಲಿಗೆ ಪ್ರಶ್ನೆಗಳನ್ನೂ ಇಲ್ಲೇ ಹಾಕಿ, ಗೊತ್ತಿದ್ದವರು ಹೇಳುತ್ತಾರೆ. ಫಾರ್ವರ್ಡ್ ಬೇಡ.

ನಿಟುವಳ್ಳಿ ಅಮ್ಮ: ಮೇಡಂ, ಮಗಳಿಗೆ ನಾಲ್ಕು ತಿಂಗಳು, 6 ಕೆಜಿ. ರಾಗಿ ಸರಿ ಶುರು ಮಾಡು ಅಂತ ಅತ್ತೆ ಹೇಳುತ್ತಿದ್ದಾರೆ. ಬಿಸಿಲು ಬೇರೆ ಜಾಸ್ತಿ, ನೀರಾದರೂ ಕುಡಿಸಬಹುದಾ?

ಡಾಕ್ಟರ್: ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ನೀರೂ ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಸೆಕೆ ಇದ್ದರೆ ಇನ್ನೂ ಒಂದೆರಡು ಸಲ ಹೆಚ್ಚು ಕುಡಿಸಿ. ಆರು ತಿಂಗಳಾದ ಮೇಲೆ ಮೊಳಕೆ ಕಟ್ಟಿದ ರಾಗಿಯ ಸರಿ ಒಳ್ಳೆಯದೇ. ಆದರೆ ನೀರು ನೀರಾಗಿ ಮಾಡಬೇಡಿ, ಚಮಚ ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿ ಇರಲಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಹಾಕಬೇಡಿ.

ಕೆ.ಟಿ.ಜೆ. ನಗರ: ಇದು ಎಲ್ಲರಿಗೂ ಉಪಯೋಗ ಆಗುತ್ತೆ ಅಂತ ಕಳಿಸುತ್ತಿದ್ದೇನೆ. "ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ಹಸುಗೂಸಿನ ನಾಲಿಗೆಗೆ ಹಚ್ಚಿ. ಕಫ ಕರಗುತ್ತದೆ, ಮಾತು ಬೇಗ ಬರುತ್ತದೆ. ಹತ್ತು ಜನಕ್ಕೆ ಕಳಿಸಿ."

ಡಾಕ್ಟರ್: ಯಾರಿಗೂ ಕಳಿಸಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಕೊಡಬಾರದು. ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜ ಇರಬಹುದು. ದೊಡ್ಡವರ ಹೊಟ್ಟೆ ತಡೆದುಕೊಳ್ಳುತ್ತದೆ. ಕೂಸಿನ ಕರುಳಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಕೈಕಾಲು ಸೋಲುತ್ತವೆ, ಉಸಿರೂ ನಿಲ್ಲಬಹುದು.

ವಿನೋಬನಗರ: ಎರಡೂವರೆ ತಿಂಗಳ ಮಗ, ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ. ಗ್ರೈಪ್ ವಾಟರ್ ಕೊಡಲಾ?

ಡಾಕ್ಟರ್: ಎದೆಹಾಲು ಮಾತ್ರ ಕುಡಿಯುವ ಈ ವಯಸ್ಸಿನ ಮಗು ವಾರದವರೆಗೆ ಹೋಗದೆ ಇರಬಹುದು. ಹಾಲು ಕುಡಿಯುತ್ತಿದ್ದರೆ, ಹೊಟ್ಟೆ ಮೆತ್ತಗಿದ್ದರೆ, ಹೋದಾಗ ಮೆತ್ತಗೆ ಹೋದರೆ ಚಿಂತೆ ಇಲ್ಲ. ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಗ್ರೈಪ್ ವಾಟರ್ ಬೇಡ.

ಹರಿಹರ ಸೊಸೆ: ಅಂಟಿನುಂಡೆ ಕಟ್ಟಿದರೆ ಪುಡಿಪುಡಿ ಆಗುತ್ತಿದೆ. ಯಾರಾದರೂ ಹೇಳಿ.

ಹೊನ್ನಾಳಿ ಅಜ್ಜಿ: ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸು, ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಹತ್ತುತ್ತದೆ. ಕೊಬ್ಬರಿ, ಉತ್ತುತ್ತೆ ಬೆಚ್ಚಗೆ ಹುರಿ. ಬೆಲ್ಲ ಕರಗಿ ನೊರೆ ಬಂದ ಕೂಡಲೇ ಇಳಿಸು, ಪಾಕ ಏರಿದರೆ ಉಂಡೆ ನಿಲ್ಲಲ್ಲ. ಕೈ ತಾಳುವಷ್ಟು ಬಿಸಿ ಇದ್ದಾಗಲೇ ಕಟ್ಟಬೇಕು ಮಗಳೇ.

ಜಗಳೂರು ಬಾಣಂತಿ: ನನ್ನದೂ ಡಾಕ್ಟರಿಗೆ ಅಲ್ಲ, ಹೊಲಿಗೆ ಗೊತ್ತಿರುವವರಿಗೆ. ನಮ್ಮವ್ವ ಹಳೆ ಇಳಕಲ್ ಸೀರೆ, ಅಪ್ಪನ ಪಂಚೆ ಸೇರಿಸಿ ಮಗನಿಗೆ ಕೌದಿ ಹೊಲಿದು ಕೊಟ್ಟಿದ್ದಾಳೆ. ಬಿಳಿ ಪಂಚೆಯ ಕಡೆ ಅವನು ಉಚ್ಚೆ ಮಾಡಿದಲ್ಲೆಲ್ಲ ಅರಿಶಿನದಂಥ ಕಲೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಲಂಗೋಟಿಗಳೂ ಹಾಗೇ ಆಗಿವೆ.

ವಿನೋಬನಗರ: ಸೋಡಾ ಪುಡಿ ಹಾಕಿ ನೆನೆಸಿ.

ಹೊನ್ನಾಳಿ ಅಜ್ಜಿ: ಸೋಡಾ ಹಾಕಬೇಡವ್ವ, ಸೆರಗಿನ ಕೆಂಪು ಬಿಟ್ಟು ಪಂಚೆಗೆಲ್ಲ ಹತ್ತುತ್ತದೆ. ಅಂಟುವಾಳಕಾಯಿ ರಾತ್ರಿ ನೆನೆಹಾಕಿ ಆ ನೀರಲ್ಲಿ ತೊಳೆ. ಪಂಚೆ ಕಡೆ ಮೇಲೆ ಮಾಡಿ ಬಿಸಿಲಿಗೆ ಹಾಕು.

ಡಾಕ್ಟರ್: ಕಲೆ ತೆಗೆಯುವುದು ಆಮೇಲೆ. ಜಗಳೂರಿನವರೇ, ಮಗುವಿಗೆ ಎಷ್ಟು ದಿನ? ಕಣ್ಣಿನ ಬಿಳಿ ಹಳದಿಯಾಗಿದೆಯಾ? ಕಕ್ಕ ಯಾವ ಬಣ್ಣ? ಈಗಲೇ ಉತ್ತರಿಸಿ, ಕಾಯುತ್ತಿದ್ದೇನೆ.

ಪಿ.ಜೆ. ಬಡಾವಣೆ: ಮೇಡಂ, ಬಾಣಂತಿ ಬೆಣ್ಣೆ ದೋಸೆ ತಿನ್ನಬಹುದಾ?

ಜಗಳೂರು ಬಾಣಂತಿ: 48 ದಿನ ಮೇಡಂ, 4.1 ಕೆಜಿ. ಹುಟ್ಟಿದ ಮೂರನೇ ದಿನ ಕಾಮಾಲೆ ಅಂತ ಲೈಟ್ ಕೆಳಗೆ ಇಟ್ಟಿದ್ದರು, ಕಡಿಮೆ ಆಯ್ತು. ಕಣ್ಣು ಇನ್ನೂ ಸ್ವಲ್ಪ ಹಳದಿ ಇದೆ, ದಿನಾ ಎಳೆಬಿಸಿಲಿಗೆ ಹಿಡಿಯುತ್ತೇವೆ. ಕಕ್ಕ ಮೊದಲು ಹಳದಿ ಇತ್ತು. ಎರಡು ವಾರದಿಂದ ಅಕ್ಕಿ ಹಿಟ್ಟು ಕಲಸಿದ ಹಾಗೆ ಬಿಳಿಚಿಕೊಂಡಿದೆ. ಹಾಲು ಮಾತ್ರ ಕುಡಿಯುತ್ತಾನಲ್ಲ, ಅದಕ್ಕೇ ಅಂತ ಅತ್ತೆ ಅಂದರು. ನೆಲನೆಲ್ಲಿ ರಸ ಅರ್ಧ ಚಮಚ ಕೊಡುತ್ತಿದ್ದೇವೆ. ಮಗು ಆರಾಮಾಗಿದ್ದಾನೆ, ನಗುತ್ತಾನೆ.

ಡಾಕ್ಟರ್: ಗಾಬರಿ ಆಗಬೇಡಿ, ಆದರೆ ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.

ಹಾಲು ಕುಡಿಯುವ ಕೂಸಿನ ಉಚ್ಚೆ ನೀರಿನ ಹಾಗೆ ಇರಬೇಕು, ಬಟ್ಟೆಗೆ ಹಳದಿ ಕಲೆ ಹಿಡಿಯಬಾರದು. ಕಕ್ಕ ಹಳದಿಯೋ ಹಸಿರೋ ಇರಬೇಕು. ಕಕ್ಕಕ್ಕೆ ಆ ಬಣ್ಣ ಕೊಡುವುದು ಲಿವರಿನಿಂದ ಕರುಳಿಗೆ ಇಳಿಯುವ ಪಿತ್ತ. ಪಿತ್ತ ಇಳಿಯದಿದ್ದರೆ ಕಕ್ಕ ಬೆಳ್ಳಗಾಗುತ್ತದೆ, ಅದೇ ಬಣ್ಣ ರಕ್ತಕ್ಕೆ ಸೇರಿ ಉಚ್ಚೆಯಲ್ಲಿ ಹೋಗುತ್ತದೆ. ನಿಮ್ಮ ಲಂಗೋಟಿಯ ಕಲೆ ಅದೇ ಇರಬಹುದು. ಹಾಲು ಕುಡಿಯುವುದಕ್ಕೂ ಬಿಳಿ ಕಕ್ಕಕ್ಕೂ ಸಂಬಂಧ ಇಲ್ಲ.

ಎದೆಹಾಲಿನ ಕಾಮಾಲೆ ಅಂತ ಒಂದಿದೆ. ಅದು ಒಂದೆರಡು ತಿಂಗಳು ಇದ್ದರೂ ತೊಂದರೆ ಇಲ್ಲ. ಆದರೆ ಅದರಲ್ಲಿ ಕಕ್ಕ ಹಳದಿಯಾಗಿಯೇ ಇರುತ್ತದೆ, ಉಚ್ಚೆ ಕಲೆ ಮಾಡಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ 14 ದಿನ ಕಳೆದರೂ ಹಳದಿ ಉಳಿದರೆ ರಕ್ತ ಪರೀಕ್ಷೆ ಮಾಡಲೇಬೇಕು. ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಬಣ್ಣ, ಒಟ್ಟು ಎಷ್ಟು ಅಂತ ನೋಡಿದರೆ ಸಾಲದು, ಅದರಲ್ಲಿ 'ಡೈರೆಕ್ಟ್', ಅಂದರೆ ಪಿತ್ತ ಇಳಿಯದಿದ್ದಾಗ ಏರುವ ಭಾಗ, ಎಷ್ಟು ಅಂತ ಬೇರೆಯಾಗಿ ಕೇಳಿ.

ನನಗಿರುವ ಭಯ ಹೇಳುತ್ತೇನೆ. ಕೆಲವು ಮಕ್ಕಳಲ್ಲಿ ಹುಟ್ಟಿದ ಮೇಲೆ ಪಿತ್ತನಾಳ ಮುಚ್ಚಿಹೋಗುತ್ತದೆ. ಇದು ಅಪರೂಪ. ನಿಮ್ಮ ಮಗುವಿಗೆ ಇದೇ ಇದೆ ಅಂತ ನೋಡದೆ ಹೇಳಲಾರೆ, ಸೋಂಕಿನಿಂದಲೂ ಬೇರೆ ಕಾರಣದಿಂದಲೂ ಹೀಗಾಗುತ್ತದೆ. ಈ ಮಕ್ಕಳು ಮೊದಲು ಆರಾಮಾಗಿಯೇ ಕಾಣುತ್ತಾರೆ, ನಗುತ್ತಾರೆ. ಅದರಿಂದಲೇ ಎಲ್ಲರೂ ತಡ ಮಾಡುತ್ತಾರೆ. ಕರುಳನ್ನು ಲಿವರಿಗೇ ಜೋಡಿಸುವ ಒಂದು ಆಪರೇಷನ್ ಇದೆ, ಜಪಾನಿನಲ್ಲಿ 1950ರ ದಶಕದಲ್ಲಿ ಶುರುವಾಗಿದ್ದು. ಅದನ್ನು 60 ದಿನದೊಳಗೆ ಮಾಡಿದರೆ ಫಲ ಜಾಸ್ತಿ, ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ನಿಮ್ಮ ಮಗನಿಗೆ 48 ದಿನ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಾಳೆ ಸೋಮವಾರ ಬೆಳಿಗ್ಗೆ ದಾವಣಗೆರೆಗೆ ಬನ್ನಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಬಾಪೂಜಿ ಮಕ್ಕಳ ಆಸ್ಪತ್ರೆಯೋ, ಮಕ್ಕಳ ಡಾಕ್ಟರ್ ಇರುವ ಕಡೆ ತೋರಿಸಿ. ಮುಂದಿನ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಅಂದರೆ ಹೋಗಿ. ಹೊಟ್ಟೆ ಸ್ಕ್ಯಾನಿಗೆ ಕೆಲವು ಗಂಟೆ ಹಾಲು ನಿಲ್ಲಿಸಲು ಹೇಳಬಹುದು, ಅವರು ಹೇಳುವವರೆಗೆ ನೀವಾಗಿ ನಿಲ್ಲಿಸಬೇಡಿ. ನೆಲನೆಲ್ಲಿ ಇವತ್ತೇ ನಿಲ್ಲಿಸಿ. ಮೂಗಿನಿಂದಲೋ ಹೊಕ್ಕುಳಿನಿಂದಲೋ ರಕ್ತ ಬಂದರೆ, ಮೈಮೇಲೆ ನೀಲಿ ಕಲೆ ಕಂಡರೆ, ಮಗು ಮಂಕಾದರೆ, ಜ್ವರ ಬಂದರೆ ನಾಳೆಗೂ ಕಾಯಬೇಡಿ. ಪಿತ್ತ ಇಳಿಯದ ಮಗುವಿಗೆ ವಿಟಮಿನ್ ಕೆ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವುದಿಲ್ಲ.

ಹರಿಹರ ಚಿಕ್ಕಮ್ಮ: ಅಯ್ಯೋ, ಬಾಣಂತಿಗೆ ಹೀಗೆಲ್ಲ ಹೆದರಿಸಬಾರದು. ಕಾಮಾಲೆಗೆ ನಮ್ಮ ಕಡೆ ಒಬ್ಬರು ಮೂರು ಭಾನುವಾರ ಔಷಧಿ ಕೊಡುತ್ತಾರೆ. ನಮ್ಮ ಮೂರೂ ಮಕ್ಕಳಿಗೆ ಅದರಲ್ಲೇ ಹೋಗಿದ್ದು.

ಎಂ.ಸಿ.ಸಿ. ಬಿ ಬ್ಲಾಕ್: ಚಿಕ್ಕಮ್ಮ, ಡಾಕ್ಟರ್ ಅಷ್ಟುದ್ದ ಬರೆದಿದ್ದಾರೆ, ಓದಿದ್ರಾ?

ಹರಿಹರ ಚಿಕ್ಕಮ್ಮ: ಓದಿದೆ. ಓದುಬರಹ ನಮಗೂ ಬರುತ್ತೆ. ನಿಮ್ಮ ಹಾಗೆ ಕೆಮ್ಮಿದರೆ ಸ್ಕ್ಯಾನ್ ಮಾಡಿಸಿ ಮಕ್ಕಳನ್ನು ಬೆಳೆಸಲಿಲ್ಲ.

ಎಂ.ಸಿ.ಸಿ. ಬಿ ಬ್ಲಾಕ್: ಬಾಣಂತಿಗೆ ನೀರು ಕೊಡಬಾರದು, ಮೊಸರು ಕೊಡಬಾರದು ಅಂತ ಹೋದ ವಾರ ಹೇಳಿದ್ದೂ ನೀವೇ ಅಲ್ವಾ?

ಹರಿಹರ ಸೊಸೆ: ನಮ್ಮನೇಲೂ ದಿನಕ್ಕೆ ಎರಡು ಲೋಟ ನೀರು ಅಷ್ಟೇ. ಬಾಯಿ ಒಣಗಿ ಸಾಯುತ್ತಿದ್ದೇನೆ.

ಹರಿಹರ ಚಿಕ್ಕಮ್ಮ: ಅತ್ತೆ ಮೇಲೆ ಚಾಡಿ ಹೇಳಲಿಕ್ಕೆ ಈ ಗುಂಪೇ ಬೇಕಿತ್ತಾ?

ಡಾಕ್ಟರ್: ಹುಟ್ಟಿದ ವಾರದಲ್ಲಿ ಬರುವ ಕಾಮಾಲೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ನಿಮ್ಮ ಮೂರೂ ಮಕ್ಕಳು ಅದರಿಂದಲೇ ವಾಸಿಯಾಗಿರಬಹುದು ಅಮ್ಮ, ಔಷಧಿಯಿಂದ ಅಲ್ಲ. ಈ ಮಗುವಿನ ವಿಷಯ ಬೇರೆ, ಇಲ್ಲಿ ಮೂರು ಭಾನುವಾರ ಕಾದರೆ 60 ದಿನ ದಾಟಿಹೋಗುತ್ತದೆ. ದಯವಿಟ್ಟು ಆ ವಿಳಾಸ ಯಾರಿಗೂ ಕೊಡಬೇಡಿ.

ಹರಿಹರ ಸೊಸೆಗೆ: ಬಾಯಾರಿದಾಗಲೆಲ್ಲ ನೀರು ಕುಡಿಯಿರಿ. ಮೊಸರು, ಸೊಪ್ಪು, ಹಣ್ಣು ಎಲ್ಲ ತಿನ್ನಿ.

ಕೆ.ಟಿ.ಜೆ. ನಗರ: ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಕೊಡಬಹುದಾ ಮೇಡಂ? ಕಿವಿಗೆ ಎಣ್ಣೆ?

ಡಾಕ್ಟರ್: ಎರಡೂ ಬೇಡ.

ವಿನೋಬನಗರ: ಹಾಗಾದರೆ ಗ್ರೈಪ್ ವಾಟರ್ ರಾತ್ರಿ ಮಾತ್ರ ಕೊಡಲಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಜಗಳೂರು ಬಾಣಂತಿ: ಮೇಡಂ, ಗುರುವಾರ ಮಗನ ತೊಟ್ಟಿಲು ಕಾರ್ಯ ಇಟ್ಟುಕೊಂಡಿದ್ದೇವೆ, ನೆಂಟರಿಗೆಲ್ಲ ಹೇಳಿ ಆಗಿದೆ. ಮುಗಿಸಿಕೊಂಡು ಶುಕ್ರವಾರ ಬಂದರೆ ಆಗುತ್ತಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ.

ಡಾಕ್ಟರ್: ಆಗಲ್ಲ. ನಾಳೆಯೇ. ತೊಟ್ಟಿಲಿಗೆ ಮುಂದಿನ ತಿಂಗಳೂ ಹಾಕಬಹುದು.

ಹರಿಹರ ಚಿಕ್ಕಮ್ಮ: ಶಾಸ್ತ್ರಕ್ಕೂ ಬೆಲೆ ಇಲ್ಲ ಈಗ.

ಹೊನ್ನಾಳಿ ಅಜ್ಜಿ: ಸುಮ್ನಿರು ತಂಗಿ. ಕೂಸು ಇದ್ದರೆ ತಾನೇ ಶಾಸ್ತ್ರ. ಜಗಳೂರು ಮಗಳೇ, ನಿಮ್ಮ ಅತ್ತೆಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ.

ಪಿ.ಜೆ. ಬಡಾವಣೆ: ಉಲನ್ ಟೋಪಿ ಹೆಣೆದು ಕೊಡುತ್ತೇನೆ, ಬೇಕಾದವರು ತಿಳಿಸಿ. ಮತ್ತೆ ಬೆಣ್ಣೆ ದೋಸೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಎಂ.ಸಿ.ಸಿ. ಬಿ ಬ್ಲಾಕ್: ಈ ಬಿಸಿಲಲ್ಲಿ ಉಲನ್ ಟೋಪಿನಾ? ಅಡ್ಮಿನ್, ವ್ಯಾಪಾರ ನಿಲ್ಲಿಸಿ.

ಪಿ.ಜೆ. ಬಡಾವಣೆ: ನಿಮ್ಮನ್ನ ಕೇಳಲಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಜಗಳ ಮುಂದುವರಿದರೆ ತೆಗೆದುಹಾಕುತ್ತೇನೆ.

ಜಗಳೂರು ಬಾಣಂತಿ: ಅಜ್ಜಿ ಮಾತಾಡಿದ ಮೇಲೆ ಅತ್ತೆ ಒಪ್ಪಿದರು. ಮಾವ ಕಾರು ಹೇಳಿದ್ದಾರೆ, ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಏನು ತರಬೇಕು ಮೇಡಂ?

ಡಾಕ್ಟರ್: ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪೇಪರ್, ಹಳೆ ರಕ್ತ ಪರೀಕ್ಷೆ ಇದ್ದರೆ ಅದೂ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರಾ ಅಂತ ಪೇಪರಿನಲ್ಲಿ ನೋಡಿ. ಕಕ್ಕ ಇರುವ ಒಂದು ಲಂಗೋಟಿ, ಉಚ್ಚೆ ಕಲೆಯ ಒಂದು ಲಂಗೋಟಿ ತೊಳೆಯದೆ ಬೇರೆ ಬೇರೆ ಕವರಿನಲ್ಲಿ ತನ್ನಿ, ಡಾಕ್ಟರ್ ಕಣ್ಣಾರೆ ನೋಡಲಿ. ಅಡ್ಮಿನ್ ಹತ್ತಿರ ನನ್ನ ನಂಬರ್ ತೆಗೆದುಕೊಳ್ಳಿ, ರಿಪೋರ್ಟ್ ಬಂದ ಕೂಡಲೇ ಕಳಿಸಿ. ಉಳಿದವರಿಗೆ ಇವತ್ತು ಇಷ್ಟೇ.

ವಿನೋಬನಗರ: ಮೇಡಂ ಒಂದೇ ನಿಮಿಷ, ಮಗುವಿಗೆ ವಿಟಮಿನ್ ಡಿ ಹನಿ ದಿನಾ ಹಾಕಬೇಕಾ?

ಅಡ್ಮಿನ್: ಮೇಡಂ ಹೋದರು. ಮುಂದಿನ ಭಾನುವಾರ ಕೇಳಿ.