ಪ್ರಥಮ ಪಿಯುಸಿ ಜೀವಶಾಸ್ತ್ರ: ಹೆಸರುಗಳೇ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡಲೇ?

ಮುತ್ತುಗದ ಹೂ:

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಪಿಸಿಎಂಬಿ ಸೇರಿದ್ದೇನೆ. ಪತ್ರರಂಧ್ರ, ದ್ಯುತಿಸಂಶ್ಲೇಷಣೆ ಎಂದರೆ ಈಗಲೂ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ಇಲ್ಲಿ ಮೊದಲ ಕಿರುಪರೀಕ್ಷೆಯಲ್ಲಿ 35ಕ್ಕೆ 13 ಬಂತು. ಸಸ್ಯಶಾಸ್ತ್ರಕ್ಕೆ ಒಬ್ಬರು, ಪ್ರಾಣಿಶಾಸ್ತ್ರಕ್ಕೆ ಇನ್ನೊಬ್ಬರು ಉಪನ್ಯಾಸಕರು. ಬೆಳಿಗ್ಗೆ ಅವರು ಪ್ಯಾರೆಂಕೈಮಾ, ಕೋಲೆಂಕೈಮಾ, ಸ್ಕ್ಲೀರೆಂಕೈಮಾ ಎಂದು ಹೋದರೆ ಮಧ್ಯಾಹ್ನ ಇವರು ಪ್ಲಾಟಿಹೆಲ್ಮಿಂಥಿಸ್ ಎಂದು ಬರುತ್ತಾರೆ. ರಾತ್ರಿ ಓದಿದ್ದು ಬೆಳಿಗ್ಗೆಗೆ ಇರುವುದಿಲ್ಲ. ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೋ ಎಂದು ಅಪ್ಪ ಹೇಳುತ್ತಿದ್ದಾರೆ. ನನಗೆ ಡಾಕ್ಟರ್ ಆಗುವ ಹಂಬಲವೇನೂ ಇಲ್ಲ, ಗಿಡಗಳೆಂದರೆ ಇಷ್ಟ, ಅಷ್ಟೇ. ಏನು ಮಾಡಲಿ?

ಹಳೆಯ ಬಾಟನಿ ಮೇಷ್ಟ್ರು:

ಮಗೂ, ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. 13 ಅಂಕಕ್ಕೆ ಬಿಡುವುದಾದರೆ ನಾನೇ ಎಂದೋ ಬಿಡಬೇಕಿತ್ತು. ನಾನೂ ಕನ್ನಡ ಮಾಧ್ಯಮದವನೇ. ಪಿಯುಸಿಯ ಮೊದಲ ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಮನೆಗೆ ಬಂದು ನೋಡಿದರೆ ಅರ್ಧ ನನಗೇ ಓದಲು ಬರುತ್ತಿರಲಿಲ್ಲ.

ನೀನು ಪದಗಳನ್ನು ಪದಗಳಾಗಿಯೇ ಬಾಯಿಪಾಠ ಮಾಡುತ್ತಿದ್ದೀಯ ಎಂದು ಕಾಣುತ್ತದೆ. ಆ ಮೂರು ಅಂಗಾಂಶಗಳನ್ನೇ ತೆಗೆದುಕೋ. ಸ್ಕ್ಲೀರೋ ಎಂದರೆ ಗ್ರೀಕಿನಲ್ಲಿ ಗಟ್ಟಿ. ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನಂತೆ ಸಿಗುತ್ತದಲ್ಲ, ಅದು ಸ್ಕ್ಲೀರೆಂಕೈಮಾದ ಒಂದು ಬಗೆ, ಸ್ಕ್ಲೀರೈಡ್. ಆಲೂಗಡ್ಡೆಯ ಮೆತ್ತನೆಯ ತಿರುಳು ಪ್ಯಾರೆಂಕೈಮಾ. ಕುಂಬಳದ ಎಳೆಯ ಕಾಂಡ ಬಾಗಿದರೂ ಮುರಿಯದಂತೆ ಸಿಪ್ಪೆಯ ಅಡಿಯಲ್ಲಿ ಆಸರೆಯಾಗಿರುವುದು ಕೋಲೆಂಕೈಮಾ. ಮೂರೂ ನಿನ್ನ ಅಡುಗೆಮನೆಗೆ ಬಂದು ಹೋಗುವವೇ.

ಈಗ ಒಂದು ಬದನೆ ಹೂವನ್ನು ಕಿತ್ತುಕೊಂಡು ಬಾ. ಹೂವಿನ ವಿವರಣೆಯ ಪಾಠದಲ್ಲಿ ಸೋಲನೇಸಿ ಕುಟುಂಬವಿದೆ, ಬದನೆ ಆ ಮನೆಯದೇ. ನೇರಳೆ ದಳಗಳು ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡು ನಕ್ಷತ್ರದಂತೆ ಹರಡಿರುತ್ತವೆ, ಸಾಮಾನ್ಯವಾಗಿ ಐದು. ಆರು ಕಂಡರೆ ಗಾಬರಿಯಾಗಬೇಡ, ತೋಟದ ಬದನೆ ಅಷ್ಟು ಶಿಸ್ತಿನದಲ್ಲ. ಒಂದು ದಳವನ್ನು ಮೆಲ್ಲಗೆ ಎಳೆ. ಅದರ ಜೊತೆಗೆ ಹಳದಿ ಕೇಸರವೂ ಬರುತ್ತದೆ. ಕೇಸರ ದಳಕ್ಕೇ ಅಂಟಿಕೊಂಡಿದೆ, ಅದೇ ಎಪಿಪೆಟಲಸ್. ಎಪಿ ಎಂದರೆ ಮೇಲೆ, ಪೆಟಲ್ ಎಂದರೆ ದಳ. ಹೂ ಉದುರಿ ಕಾಯಿ ಕಟ್ಟಿದ ಮೇಲೂ ತೊಟ್ಟಿನ ಹತ್ತಿರ ಹಸಿರು ಟೋಪಿಯೊಂದು ಉಳಿದಿರುತ್ತದೆ. ಪಲ್ಯಕ್ಕೆ ಹೆಚ್ಚುವಾಗ ಅಮ್ಮ ಕಿತ್ತೆಸೆಯುವ ಆ ಟೋಪಿಯೇ ಪರ್ಸಿಸ್ಟೆಂಟ್ ಕೇಲಿಕ್ಸ್, ಉದುರದ ಪುಷ್ಪಪತ್ರಗಳು. ಇಷ್ಟನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಪುಷ್ಪಸೂತ್ರ ಬರೆ, ಅಂದರೆ ಹೂವಿನ ಭಾಗಗಳನ್ನು ಅಕ್ಷರ, ಅಂಕಿ, ಚಿಹ್ನೆಗಳಲ್ಲಿ ಹೇಳುವ ಸಾಲು. ಐದರ ಸುತ್ತ ಆವರಣ ಚಿಹ್ನೆ ಹಾಕುವುದು ದಳಗಳು ಅಂಟಿಕೊಂಡಿವೆ ಎಂದು ತೋರಿಸಲು ಎಂಬುದನ್ನು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂಬ ಗಡಿಯನ್ನು ಅಷ್ಟು ಗಟ್ಟಿಯೆಂದು ತಿಳಿಯಬೇಡ. ಯೂಗ್ಲೀನಾ ಎಂಬ ಏಕಕೋಶ ಜೀವಿಯ ಪಾಠ ಬಂದಾಗಲೆಲ್ಲ ನಾನೂ ಪ್ರಾಣಿಶಾಸ್ತ್ರದ ನನ್ನ ಮಿತ್ರರೂ ಸ್ಟಾಫ್ ರೂಮಿನಲ್ಲಿ ಜಗಳವಾಡುತ್ತಿದ್ದೆವು. ಬೆಳಕಿದ್ದರೆ ಅದು ಗಿಡದಂತೆ ಆಹಾರ ತಯಾರಿಸುತ್ತದೆ, ಕತ್ತಲಲ್ಲಿಟ್ಟರೆ ಪ್ರಾಣಿಯಂತೆ ತಿಂದು ಬದುಕುತ್ತದೆ, ಜೊತೆಗೆ ಬಾಲ ಬೀಸಿ ಈಜುತ್ತದೆ. ವಿಜ್ಞಾನಿ ವಿಟ್ಟೇಕರ್ 1969ರಲ್ಲಿ ಜೀವಿಗಳಿಗೆ ಐದು ಸಾಮ್ರಾಜ್ಯಗಳ ವರ್ಗೀಕರಣ ಕೊಟ್ಟಾಗ ಇಂಥವನ್ನೆಲ್ಲ ಪ್ರೊಟಿಸ್ಟಾ ಎಂಬ ಕೋಣೆಗೆ ಹಾಕಿದರು. ನಮ್ಮ ಜಗಳ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಆ ಪಾಠ ತೆಗೆದುಕೊಂಡವರಿಗೆ ವಾರಕ್ಕೆ ಎರಡು ತರಗತಿ ಹೆಚ್ಚಾಗುತ್ತಿತ್ತು.

ನೀಟ್ ಪಯಣಿಗ:

ಮೇಷ್ಟ್ರೇ, ಕ್ಷಮಿಸಿ, ಬದನೆ ಹೂ ನೋಡಿಕೊಂಡು ಕುಳಿತರೆ ಪಠ್ಯ ಮುಗಿಯುವುದಿಲ್ಲ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 720 ಅಂಕಗಳಲ್ಲಿ 360. ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ ಓದದೆ ಬೇರೆ ದಾರಿಯಿಲ್ಲ.

ಹಳೆಯ ಬಾಟನಿ ಮೇಷ್ಟ್ರು:

ಒಪ್ಪಿದೆ. ಸಾಲು ಸಾಲಾಗಿಯೇ ಓದಬೇಕು. ನೋಡಿದ ಮೇಲೆ ಓದಿದರೆ ಮೂರು ಸಲದ ಓದು ಒಂದು ಸಲಕ್ಕೆ ಆಗುತ್ತದೆ ಎಂಬುದಷ್ಟೇ ನನ್ನ ಮಾತು. ಅಲ್ಲದೆ ಈ ಹುಡುಗಿ ನೀಟ್ ಕೇಳಲೇ ಇಲ್ಲ.

ಕರಿಮಣ್ಣು:

ತಂಗಿ, ನಾನು ಧಾರವಾಡದಲ್ಲಿ ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ಗಿಡ ಇಷ್ಟ ಎಂದಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ. ಕೃಷಿ, ತೋಟಗಾರಿಕೆ, ಅರಣ್ಯ ಯಾವುದಕ್ಕೆ ಹೋಗಬೇಕೆಂದರೂ ಸಿಇಟಿಯಲ್ಲಿ ಜೀವಶಾಸ್ತ್ರ ಬರೆಯಬೇಕು, 60 ಪ್ರಶ್ನೆಗೆ 60 ಅಂಕ. ಈಗ ಬಿಟ್ಟರೆ ಆ ಬಾಗಿಲುಗಳು ಮುಚ್ಚುತ್ತವೆ. ಇದನ್ನು ಅಪ್ಪನಿಗೆ ಹೇಳಿ.

ಇನ್ನೊಂದು, ಪ್ರಾಯೋಗಿಕ ತರಗತಿಯನ್ನು ಹಗುರವಾಗಿ ಕಾಣಬೇಡಿ. ಬರವಣಿಗೆಗೆ 70, ಪ್ರಾಯೋಗಿಕಕ್ಕೆ 30 ಅಂಕ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ನೋಡುವ ಪ್ರಯೋಗದಲ್ಲಿ ನಾನು ತುದಿಯನ್ನೇ ಕತ್ತರಿಸಿ ಎಸೆದು, ಉಳಿದ ಬೇರಿಗೆ ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ಲೈಡಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಒಂದು ಗಂಟೆ ನೋಡಿದೆ. ಇಟ್ಟಿಗೆ ಜೋಡಿಸಿದಂತೆ ಉದ್ದನೆಯ ಕೋಶಗಳು ಬಿಟ್ಟರೆ ಏನೂ ಕಾಣಲಿಲ್ಲ. ವಿಭಜನೆ ನಡೆಯುವುದು ತುದಿಯ ಎರಡು ಮೂರು ಮಿಲಿಮೀಟರಿನಲ್ಲಿ ಮಾತ್ರ. ಅದು ಅಷ್ಟರಲ್ಲಿ ಕಸದ ಬುಟ್ಟಿ ಸೇರಿತ್ತು.

ಮುತ್ತುಗದ ಹೂ:

ಎಲ್ಲರಿಗೂ ವಂದನೆಗಳು. ಸಿಇಟಿ ವಿಷಯ ಹೇಳಿದ ಮೇಲೆ ಅಪ್ಪ ಸುಮ್ಮನಾಗಿದ್ದಾರೆ. ಒಪ್ಪಿದರೋ ಯೋಚಿಸುತ್ತಿದ್ದಾರೋ ತಿಳಿಯದು. ಸರ್, ಬದನೆ ಹೂವಿನಲ್ಲಿ ನೀವು ಹೇಳಿದ್ದೆಲ್ಲ ಕಂಡಿತು. ದಳ ಐದೇ ಇದ್ದವು. ಆದರೆ ಸೋಲನೇಸಿಯ ಅಂಡಾಶಯದಲ್ಲಿ ಎರಡು ಕೋಣೆ ಎಂದು ಪುಸ್ತಕದಲ್ಲಿದೆ. ಮನೆಯಲ್ಲಿದ್ದ ಟೊಮೆಟೊ ಅಡ್ಡ ಕೊಯ್ದೆ, ಆರು ಕೋಣೆಗಳಿದ್ದವು. ನಾನು ಎಣಿಸಿದ್ದು ತಪ್ಪೇ?

ಹಳೆಯ ಬಾಟನಿ ಮೇಷ್ಟ್ರು:

ತಪ್ಪಿಲ್ಲ. ಕಾಡು ಟೊಮೆಟೊದಲ್ಲಿ ಇರುವುದು ಎರಡೇ. ದಪ್ಪ ಹಣ್ಣು ಬೇಕೆಂದು ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಬೆಳೆಸುತ್ತ ಹೋದಂತೆ ಕೋಣೆಗಳು ಹೆಚ್ಚಿದವು. ದ್ರಾಕ್ಷಿಯಷ್ಟು ಸಣ್ಣ ಟೊಮೆಟೊ ಸಿಕ್ಕರೆ ಕೊಯ್ದು ನೋಡು, ಎಷ್ಟಿದ್ದವು ಎಂದು ಬರೆ. ಪರೀಕ್ಷೆಯಲ್ಲಿ ಮಾತ್ರ ಎರಡು ಎಂದೇ ಬರೆಯಬೇಕು.