ಹಾಸನದ ನರರೋಗ ವೈದ್ಯರಿಗೆ ಕೇಳಿ: ಐಎಲ್-6, ಟಿಎನ್‌ಎಫ್ ಮತ್ತು ಎಂ.ಎಸ್.

ಸಕಲೇಶಪುರ: ಡಾಕ್ಟ್ರೇ, ನಮ್ಮಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ರೋಗನಿರೋಧಕ ಶಕ್ತಿ ನಮ್ಮದೇ ನರದ ಹೊದಿಕೆ ಕೆಡಿಸೋ ಕಾಯಿಲೆ). ರಕ್ತಪರೀಕ್ಷೆಯಲ್ಲಿ ಐಎಲ್-6 ಮಟ್ಟ 18 ಬಂದಿದೆ, 7ರೊಳಗೆ ಇರಬೇಕಂತೆ. ಕಾಯಿಲೆ ಏರಿದೆಯಾ?

ವೈದ್ಯರು: ಅದೊಂದೇ ಅಂಕಿ ನೋಡಿ ಹೇಳೋಕಾಗಲ್ಲ. ಐಎಲ್-6 ರೋಗನಿರೋಧಕ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನು. ನೆಗಡಿ, ಹಲ್ಲಿನ ಕೀವು, ಮೂತ್ರದ ಸೋಂಕು ಯಾವುದಕ್ಕೂ ಏರುತ್ತೆ. ತೆಗೆದ ರಕ್ತ ಗಂಟೆಗಟ್ಟಲೆ ಹೊರಗೆ ಉಳಿದರೂ ಅಂಕಿ ಕೆಡುತ್ತೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಜ್ವರವಿಲ್ಲದೆ ಹೊಸ ತೊಂದರೆ 24 ಗಂಟೆ ದಾಟಿದರೆ ಕರೆತನ್ನಿ, ಎಂಆರ್‌ಐ ಬೇಕಾ ನೋಡೋಣ.

ಅರಸೀಕೆರೆ: ತಮ್ಮನಿಗೆ 4 ವರ್ಷದಿಂದ ಎಂ.ಎಸ್. ಬೆನ್ನು, ಮಂಡಿ ಬಿಗಿತಕ್ಕೆ ಕೀಲಿನ ಡಾಕ್ಟರು ಅಡಾಲಿಮುಮಾಬ್ 40 ಮಿ.ಗ್ರಾಂ ಬರೆದಿದ್ದಾರೆ. ಸೋಮವಾರ ಮೊದಲ ಇಂಜೆಕ್ಷನ್. ಎಂ.ಎಸ್. ವಿಷಯ ಅವರಿಗೆ ಹೇಳಿಲ್ಲ.

ವೈದ್ಯರು: ಸೋಮವಾರ ಹಾಕಿಸಬೇಡಿ. ಇವತ್ತೇ ಕೀಲಿನ ಡಾಕ್ಟರಿಗೆ ಫೋನ್ ಮಾಡಿ, ತಮ್ಮನಿಗೆ ಎಂ.ಎಸ್. ಇರೋದು ತಿಳಿಸಿ. ಈ ಮದ್ದು ಟಿಎನ್‌ಎಫ್ ಅನ್ನೋ ಪ್ರೋಟೀನನ್ನು ಕಟ್ಟಿಹಾಕುತ್ತೆ. ಕೀಲಿಗೆ ಅದರಿಂದ ಆರಾಮ, ಎಂ.ಎಸ್.ಗೆ ಕೇಡು. 1999ರಲ್ಲಿ ಪ್ರಕಟವಾದ, ಟಿಎನ್‌ಎಫ್ ತಡೆಯುವ ಲೆನರ್ಸೆಪ್ಟ್ ಮದ್ದಿನ ಪ್ರಯೋಗದಲ್ಲಿ 168 ಎಂ.ಎಸ್. ರೋಗಿಗಳಿದ್ದರು, ಆ ಮದ್ದು ಪಡೆದವರಿಗೆ ದಾಳಿಗಳು (ಕಾಯಿಲೆ ಮತ್ತೆ ಕೆರಳೋದು) ಹೆಚ್ಚಾದವು, ಬೇಗನೂ ಬಂದವು. ಟಿಎನ್‌ಎಫ್ ಜೀವಕೋಶದ ಮೇಲಿನ ಎರಡು ಗ್ರಾಹಕಗಳ (ಅದು ಬಂದು ಅಂಟುವ ಜಾಗ) ಮೂಲಕ ಕೆಲಸ ಮಾಡುತ್ತೆ. ಒಂದು ಮುಖ್ಯವಾಗಿ ಉರಿಯೂತ ಎಬ್ಬಿಸುತ್ತೆ, ಇನ್ನೊಂದು ನರದ ಮೈಲಿನ್ ಹೊದಿಕೆಯ ದುರಸ್ತಿಗೆ ನೆರವಾಗುತ್ತೆ. ಮದ್ದು ಎರಡಕ್ಕೂ ಅಡ್ಡ ಬರುತ್ತೆ. ಎಟಾನರ್ಸೆಪ್ಟ್, ಇನ್‌ಫ್ಲಿಕ್ಸಿಮಾಬ್ ಕೂಡ ಇದೇ ಗುಂಪು. ಬೆನ್ನಿಗೆ ಐಎಲ್-17 ಅನ್ನೋ ಬೇರೆ ಪ್ರೋಟೀನನ್ನು ತಡೆಯುವ ಮದ್ದು ಆದೀತಾ ಅಂತ ಅವರನ್ನೇ ಕೇಳಿ. ಎಂ.ಎಸ್.ಗೆ ಈಗ ಯಾವ ಮಾತ್ರೆ ನುಂಗ್ತಿದ್ದಾರೆ?

ಬೇಲೂರು: ಫಾರ್ವರ್ಡ್: ಅಮೃತಬಳ್ಳಿ ಕಷಾಯ 48 ದಿನ, ಇಮ್ಯುನಿಟಿ ಹೆಚ್ಚಿ ಎಂ.ಎಸ್. ಮಾಯ.

ವೈದ್ಯರು: ಎಂ.ಎಸ್.ನಲ್ಲಿ ಇಮ್ಯುನಿಟಿ ಕಮ್ಮಿಯಾಗಿಲ್ಲ, ನಮ್ಮ ನರದ ಮೇಲೇ ಬಿದ್ದಿದೆ. ಅದನ್ನು ಕೆರಳಿಸುವ ಇಂಟರ್‌ಫೆರಾನ್ ಗಾಮಾ ಅನ್ನೋ ಪ್ರೋಟೀನು ಕೊಟ್ಟಾಗ 18 ಎಂ.ಎಸ್. ರೋಗಿಗಳಲ್ಲಿ 7 ಜನಕ್ಕೆ ದಾಳಿ ಆಯಿತು, 1987ರ ವರದಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರೂ ಇದ್ದಾರೆ. ಅಳಿಸಿ.

ಬೇಲೂರು: ಅಜ್ಜಿ ಕಾಲದಿಂದ ಕುಡೀತಿದ್ದೀವಿ, ಯಾರಿಗೇನಾಗಿದೆ?

ಚಿಕ್ಕಮಗಳೂರು: ಜ್ವರಕ್ಕೆ ನಾಲ್ಕು ದಿನ ಕುಡಿಯೋದು ಬೇರೆ. ಎಂ.ಎಸ್.ಗೆ ಟೆರಿಫ್ಲುನೊಮೈಡ್ ಮಾತ್ರೆ ನುಂಗೋರಿಗೆ ಮೊದಲ 6 ತಿಂಗಳು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಇರುತ್ತೆ, ಅದರ ಮೇಲೆ ಇದಾ?

ಬೇಲೂರು: ನೀವೇನು ಡಾಕ್ಟರಾ?

ಚಿಕ್ಕಮಗಳೂರು: ಫಾರ್ಮಸಿಸ್ಟ್. ಗೊತ್ತಿದ್ದೇ ಹೇಳ್ತಿದ್ದೀನಿ.

ಹೊಳೆನರಸೀಪುರ: ಸರ್, ನನ್ನ ಐಎಲ್-6 12. ಭಯ ಇದೆಯಾ?

ವೈದ್ಯರು: ಮೊದಲ ಉತ್ತರ ಓದಿ.

ಕಡೂರು: ಐಎಲ್-10 ಪರೀಕ್ಷೆಗೆ ಖಾಲಿ ಹೊಟ್ಟೇಲಿ ಹೋಗಬೇಕಾ?

ಬೇಲೂರು: ಇಲ್ಲಿ ಬಡವರ ಮದ್ದು ಹೇಳಿದರೆ ಬಾಯಿ ಮುಚ್ಚಿಸ್ತಾರೆ.

ಅರಸೀಕೆರೆ: ಟೆರಿಫ್ಲುನೊಮೈಡ್ 14, ದಿನಾ ಒಂದು. ಕೀಲಿನ ಚೀಟಿಯಲ್ಲಿ ಕೆಳಗೆ ಲೆಫ್ಲುನೊಮೈಡ್ 20 ಅಂತಲೂ ಇದೆ.

ವೈದ್ಯರು: ಅದನ್ನು ಮುಟ್ಟಬೇಡಿ. ಲೆಫ್ಲುನೊಮೈಡ್ ಮೈಯೊಳಗೆ ಟೆರಿಫ್ಲುನೊಮೈಡ್ ಆಗೇ ಬದಲಾಗೋದು, ಒಂದೇ ಮದ್ದು ಎರಡು ಸಲ ಹೋದ ಹಾಗೆ. ಈಗಾಗಲೇ ನುಂಗಿದ್ದರೆ ಇವತ್ತೇ ಲಿವರ್ ಟೆಸ್ಟ್ ಮಾಡಿಸಿ. ಎರಡೂ ಚೀಟಿಯ ಫೋಟೊ ನನಗೆ ಈಗಲೇ ಕಳಿಸಿ.