ಸಹಾಯ ಬೇಕು: ಬಟ್ಟೆ ಬ್ಯಾನರ್‌ಗೂ ಅನುಮತಿ ಬೇಕಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹೋದ ತಿಂಗಳು ಸಣ್ಣದೊಂದು ಟೈಲರಿಂಗ್ ಅಂಗಡಿ ಶುರು ಮಾಡಿದೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಗಿದೆಯಲ್ಲ, ಅದಕ್ಕೇ ದುಡ್ಡು ಜಾಸ್ತಿಯಾದರೂ ಬಟ್ಟೆ ಮೇಲೆ ಬರೆಸಿದೆ. 'ಬ್ಲೌಸ್ ಹೊಲಿಗೆಗೆ ರಿಯಾಯಿತಿ', ಅಷ್ಟೇ. ಅಂಗಡಿ ಎದುರಿನ ಎರಡು ಲೈಟ್ ಕಂಬಗಳಿಗೆ ಕಟ್ಟಿದ್ದೆ.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಹಗ್ಗದ ತುಂಡು ಮಾತ್ರ ಇತ್ತು. ವಾರ್ಡ್ ಆಫೀಸಿಗೆ ಹೋದರೆ 500 ರೂಪಾಯಿ ದಂಡ ಅಂದರು, ಕಟ್ಟಿದೆ. ರಸೀದಿ ಕೇಳಿದ್ದಕ್ಕೆ 'ನಾಳೆ ಬನ್ನಿ'. ಆ ನಾಳೆ ಇನ್ನೂ ಬಂದಿಲ್ಲ.

ಆಮೇಲೆ ಕಾನೂನು ಹುಡುಕಿ ಓದಿದೆ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕುವುದು ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಬಕ್ಕೆ ಕಟ್ಟಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಅದೇ ಕಂಬದ ಪಕ್ಕ ಹುಟ್ಟುಹಬ್ಬದ ಫ್ಲೆಕ್ಸ್ ಇವತ್ತಿಗೂ ನಗುತ್ತಾ ನಿಂತಿದೆ, ಅದನ್ನು ಯಾಕೆ ಮುಟ್ಟಲಿಲ್ಲ? 2018ರಲ್ಲಿ ಹೈಕೋರ್ಟ್ ಗದರಿದಾಗ ಎಲ್ಲಾ ರಾತ್ರೋರಾತ್ರಿ ಮಾಯವಾಗಿದ್ದವು, ಅಲ್ವಾ?

ಗೊತ್ತಿದ್ದವರು ಹೇಳಿ: ನನ್ನ ಅಂಗಡಿ ಗೋಡೆಗೇ ಹದಿನೈದು ದಿನದ ಮಟ್ಟಿಗೆ ಬಟ್ಟೆ ಬ್ಯಾನರ್ ಹಾಕಲು ಅರ್ಜಿ ಯಾರಿಗೆ ಕೊಡಬೇಕು? ಶುಲ್ಕ ಎಷ್ಟಾಗುತ್ತೆ? ರಸೀದಿಗೆ ಆರ್‌ಟಿಐ ಹಾಕಲಾ, ಅಥವಾ ಸುಮ್ನೆ ಬಿಟ್ಟುಬಿಡಲಾ? ಗೌರಿ ಹಬ್ಬಕ್ಕೆ ಮೊದಲು ಇನ್ನೊಂದು ಕಟ್ಟಬೇಕು.